ದನಿಯುಳ್ಳ ಪುಟ

ಲಿಪಿಯು ಮಾತನ್ನು ಉಳಿಸುತ್ತದೆ, ದನಿಯನ್ನು ಉಳಿಸಲಾರದು. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡು ಧ್ವನಿಮುದ್ರಿತವಾಯಿತು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರನ್ನು ತಾವೇ ಸಾರುತ್ತಿದ್ದರು. ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು, 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಅವರ ಚರಿತ್ರೆಯನ್ನು ಎಷ್ಟೇ ಸೊಗಸಾಗಿ ಬರೆದರೂ ಓದುಗನಿಗೆ ಆ ಕಂಠದ ಪರಿಚಯವಾಗದು. ಗಣಕಯಂತ್ರದ ಕಡತವು ಈ ಕೊರತೆಯನ್ನು ನೀಗಿತು. ಅಕ್ಷರದ ಪಕ್ಕದಲ್ಲಿಯೇ ಹಾಡಿನ ತುಣುಕನ್ನೋ ಚಲಿಸುವ ಚಿತ್ರವನ್ನೋ ಇರಿಸುವುದು ಸಾಧ್ಯವಾಯಿತು.

ಇರಿಸುವ ಬಗೆ ಎರಡು. ತುಣುಕನ್ನು ಕಡತದೊಳಗೇ ಹುದುಗಿಸುವುದು ಒಂದು. ಅದು ಬೇರೆಡೆ ಇರುವ ಜಾಗವನ್ನಷ್ಟೇ ಸೂಚಿಸುವುದು ಇನ್ನೊಂದು. ಮೊದಲನೆಯದರಿಂದ ಕಡತದ ಗಾತ್ರ ಹಿಗ್ಗುತ್ತದೆ; ಆದರೆ ಅದು ಹೋದಲ್ಲೆಲ್ಲ ದನಿಯೂ ಹೋಗುತ್ತದೆ. ಎರಡನೆಯದರಲ್ಲಿ ಕಡತ ಹಗುರ. ಆದರೆ ಮೂಲದ ತುಣುಕು ಜಾಗ ಬದಲಿಸಿದರೆ ಪುಟ ಮೂಕವಾಗುತ್ತದೆ. ಬುತ್ತಿ ಕಟ್ಟಿಕೊಂಡು ಹೊರಟವನಿಗೂ ದಾರಿಯ ಛತ್ರವನ್ನು ನಂಬಿ ಹೊರಟವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಬುತ್ತಿಯೂ ಹಳಸುವುದುಂಟು. ಫ್ಲ್ಯಾಶ್ ಎಂಬ ತಂತ್ರಾಂಶವನ್ನು ನಂಬಿ ಅಸಂಖ್ಯ ಪುಟಗಳಲ್ಲಿ ತುಣುಕುಗಳನ್ನು ಸೇರಿಸಿದ್ದರು. 2020ರ ಡಿಸೆಂಬರ್ 31ಕ್ಕೆ ಅದರ ತಯಾರಕರ ಬೆಂಬಲ ಕೊನೆಗೊಂಡಿತು. ಅಂಥ ಪುಟಗಳಲ್ಲಿ ಅನೇಕವು ಮೌನ ತಾಳಿದವು. ದನಿ ಒಳಗೇ ಇತ್ತು, ನುಡಿಸುವ ಸಾಧನವಿರಲಿಲ್ಲ.

ಆದುದರಿಂದ ವಿವೇಕಿಯಾದವನು ಹಲವು ಸಾಧನಗಳಲ್ಲಿ ನುಡಿಯಬಲ್ಲ ರೂಪವನ್ನೇ ಆರಿಸಿಕೊಳ್ಳುತ್ತಾನೆ; ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡುತ್ತಾನೆ. ತುಣುಕಿನ ಕೆಳಗೆ ಯಾರ ದನಿ, ಯಾವ ಊರು, ಯಾವ ವರ್ಷ, ನುಡಿದುದೇನು ಎಂಬುದನ್ನು ಬರೆದಿಡುತ್ತಾನೆ. ಕಿವಿ ಕೇಳದವರಿಗೆ ಆ ಬರಹವೇ ಆಸರೆ. ದನಿ ಅಡಗಿದ ದಿನ ಅದರ ಗುರುತನ್ನು ಹೇಳುವುದೂ ಅಕ್ಷರವೇ.