ಗಾಂಧಿಬಜಾರಿನ ಕಾಫಿಪುಡಿ

ಬಸವನಗುಡಿಯ ಗಾಂಧಿಬಜಾರಿನಲ್ಲಿ, 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವನ್ನು ದಾಟಿ ನಡೆಯುವವರನ್ನು ಹುರಿದ ಕಾಫಿಯ ಕಂಪು ತಡೆದು ನಿಲ್ಲಿಸುತ್ತದೆ. ಪುಡಿಯ ಅಂಗಡಿಯವರ ಮೊದಲ ಪ್ರಶ್ನೆ: “ಚಿಕೋರಿ ಎಷ್ಟು ಹಾಕಲಿ, ಸ್ವಾಮಿ?”

ಚಿಕೋರಿಯೆಂಬುದು ಒಂದು ಗಿಡದ ಬೇರು. ಹುರಿದು ಬೆರೆಸಿದರೆ ಡಿಕಾಕ್ಷನ್ನಿಗೆ ಕಪ್ಪು ಬಣ್ಣವೂ ಗಟ್ಟಿತನವೂ ಬರುತ್ತವೆ, ಬೆಲೆಯೂ ಇಳಿಯುತ್ತದೆ. ಆದರೆ ಅದರಲ್ಲಿ ಕಾಫಿಯ ಪರಿಮಳವಿಲ್ಲ, ಕೆಫೀನೂ ಇಲ್ಲ. ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಭಾಗಕ್ಕಿಂತ ಕಡಮೆಯಾಗಕೂಡದೆಂದೂ, ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ನಮ್ಮ ಕಾನೂನು ವಿಧಿಸಿದೆ. ಸೋಜಿಗವೆಂದರೆ, ದೂರದ ಮೆಕ್ಸಿಕೋ ದೇಶದ ಟಕೀಲಾ ಮದ್ಯಕ್ಕೂ ಇದೇ ಅಂಕಿ! ಹುಳಿಯಿಸುವ ಸಕ್ಕರೆಯಲ್ಲಿ 51 ಪಾಲಾದರೂ ನೀಲಿ ಕತ್ತಾಳೆಯದಾಗಿರಬೇಕು. ಬಲ್ಲವರು ಅರಸುವುದಾದರೋ ನೂರಕ್ಕೆ ನೂರು ಕತ್ತಾಳೆಯದನ್ನೇ.

ಕಾನೂನು ಮೋಸವನ್ನು ತಡೆಯಬಲ್ಲದು, ರುಚಿಯನ್ನು ಕೊಡಲಾರದು. ಪರಿಮಳಕ್ಕೆ ಅರೇಬಿಕಾ, ಗಟ್ಟಿತನಕ್ಕೆ ತುಸು ರೊಬಸ್ಟಾ, ಆಗತಾನೇ ಬೀಸಿದ ಪುಡಿ, ಫಿಲ್ಟರಿನಲ್ಲಿ ಅವಸರವಿಲ್ಲದೆ ತೊಟ್ಟಿಕ್ಕಿದ ಡಿಕಾಕ್ಷನ್, ಬಿಸಿ ಹಾಲು: ಒಳ್ಳೆಯ ಕಾಫಿಗೆ ಇಷ್ಟು ಸಾಕು. ಇಳಿದ ಡಿಕಾಕ್ಷನ್ನನ್ನು ಮಾತ್ರ ಮತ್ತೆ ಕುದಿಸಬಾರದು.

ಚಿಕೋರಿ ಕೂಡದೆಂದಲ್ಲ, ಎಷ್ಟೋ ಮನೆಗಳ ನಾಲಗೆ ಅದಕ್ಕೆ ಒಗ್ಗಿಹೋಗಿದೆ. ಆದರೆ ನಾವು ಮೆಚ್ಚುವುದು ಕಾಫಿಯನ್ನೋ ಬೇರನ್ನೋ ಎಂಬುದನ್ನು ತಿಳಿದು ಕುಡಿಯುವುದು ಲೇಸು. ವಾಚಕರು ಒಂದು ವಾರ ಚಿಕೋರಿಯಿಲ್ಲದ ಪುಡಿಯನ್ನು ಕೊಂಡು ನೋಡಲಿ. ಎಂಟನೆಯ ದಿನ ನಾಲಗೆಯೇ ತೀರ್ಪು ಕೊಟ್ಟೀತು.