ಎಂಟೂವರೆ ಸಾವಿರದ ಜೇನುಪೆಟ್ಟಿಗೆ

ಹ್ಯಾಂಡ್‌ಪೋಸ್ಟ್ ಅಂದ್ರೆ ತುಂಬಾ ಜನಕ್ಕೆ ಬಸ್ಸಿನ ಕಿಟಕಿಯಿಂದ ಕಂಡ ಒಂದು ಸರ್ಕಲ್, ನಾಲ್ಕು ಟೀ ಅಂಗಡಿ, ಅಷ್ಟೆ. ಮೈಸೂರಿಂದ ಬರೋ ರಸ್ತೆ ಇಲ್ಲಿ ಕವಲೊಡೆದು ಒಂದು ಎಚ್.ಡಿ. ಕೋಟೆ ಪೇಟೆ ಕಡೆ, ಇನ್ನೊಂದು ಅಂತರಸಂತೆ ಮೇಲೆ ಮಾನಂದವಾಡಿ ಕಡೆ ಹೋಗುತ್ತೆ. ಹ್ಯಾಂಡ್‌ಪೋಸ್ಟ್ ಅಂದ್ರೆ ಕೈಮರ. ಅಷ್ಟು ಚೆಂದದ ಕನ್ನಡ ಪದ ಇದ್ದೂ ನಮ್ಮೂರಿಗೆ ಇಂಗ್ಲಿಷ್ ಹೆಸರೇ ಅಂಟಿಕೊಂಡಿದೆ, ಇರಲಿ ಬಿಡಿ. ನಾನು ಇವತ್ತು ಹೇಳಹೊರಟಿದ್ದು ಆ ಮಾನಂದವಾಡಿ ರಸ್ತೆಯಲ್ಲಿ ಮನೆಗೆ ಬಂದ ಒಂದು ಜೊತೆ ಸ್ಪೀಕರ್ ವಿಷಯ.

ಹಳೇ ಜಪಾನಿ ಸ್ಪೀಕರ್ ಬೇಕು ಅಂದ್ರೆ ನಮ್ಮ ಕಡೆಯವರು ಬೆಂಗಳೂರಿಗಿಂತ ಮೊದಲು ವಯನಾಡಿನ ಕಡೆ ನೋಡೋದು ಒಳ್ಳೇದು. ಕಾರಣ ಇದೆ. 1991ರ ಉದಾರೀಕರಣಕ್ಕೆ ಮುಂಚೆ ಹೊರದೇಶದ ಎಲೆಕ್ಟ್ರಾನಿಕ್ಸ್ ಸಾಮಾನು ಇಲ್ಲಿ ಸುಲಭಕ್ಕೆ ಸಿಗ್ತಿರಲಿಲ್ಲ, ಸಿಕ್ಕರೂ ಸುಂಕ ಕೇಳಿದ್ರೆ ತಲೆ ತಿರುಗೋದು. ಹಾಡಿನ ಹುಚ್ಚಿದ್ದವರು 1970ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಸೋನೋಡೈನ್, ಇಲ್ಲಾ ಕಾಸ್ಮಿಕ್, ಫಿಲಿಪ್ಸ್ ಅಂತ ಇಲ್ಲಿ ಸಿಗೋದನ್ನೇ ತಗೋತಿದ್ರು. ಆದರೆ ಗಲ್ಫಿಗೆ ದುಡಿಯೋಕೆ ಹೋದ ಮಲಯಾಳಿಗಳು ಊರಿಗೆ ಬರೋವಾಗ ಜಪಾನಿನ ಸೆಟ್ ಹೊತ್ತು ತರ್ತಿದ್ರು. ಅವು ಈಗ ಒಂದೊಂದಾಗಿ ಅಟ್ಟದಿಂದ ಕೆಳಗೆ ಇಳೀತಿವೆ. ಮಕ್ಕಳು ಮನೆ ಒಡೆದು ಹೊಸದು ಕಟ್ಟಿಸ್ತಾರೆ, ಸ್ಪೀಕರ್‌ಗೆ ಜಾಗ ಇರಲ್ಲ.

"ಮೂರು ಸಾವಿರಕ್ಕೆ ಬ್ಲೂಟೂತ್ ಡಬ್ಬಿ ಸಿಗುತ್ತಲ್ಲೋ, ಈ ಕರ್ಮ ಯಾಕೆ?" ಅಂತ ಆಫೀಸಲ್ಲಿ ಕೇಳದವರಿಲ್ಲ. ನನ್ನ ಉತ್ತರ ಒಂದೇ. ಹಳೇ ಸ್ಪೀಕರ್‌ನ ಮುಖದ ಮೇಲೆ ಸ್ಕ್ರೂ ಇರುತ್ತೆ! ಬಿಚ್ಚಿದ್ರೆ ಒಳಗಿರೋದು ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ಒಂದು ತಂತಿ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಕೋನ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ರೈಸ್ ಮತ್ತು ಕೆಲಾಗ್ ಅನ್ನೋ ಇಬ್ಬರು 1925ರಲ್ಲಿ ತೋರಿಸಿಕೊಟ್ಟ ವಿದ್ಯೆ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ನಾನು ಬರೆದ ಕೋಡು ಮೂರೇ ವರ್ಷಕ್ಕೆ 'ಲೆಗಸಿ' ಅನ್ನಿಸಿಕೊಂಡು ಕಸದಬುಟ್ಟಿ ಸೇರುತ್ತೆ. ಹಾಗಿರೋವಾಗ ನೂರು ವರ್ಷ ಬಾಳಿದ ಡಿಸೈನ್ ಕಂಡ್ರೆ ಪ್ರೀತಿ ಬರದೆ ಇನ್ನೇನು...

ಕಂಪನಿ ಹೆಸರು ಹೇಳಲ್ಲ. ಹೇಳಿದ್ರೆ ನಾಳೆಯೇ ಓಎಲ್‌ಎಕ್ಸ್‌ನಲ್ಲಿ ರೇಟ್ ಏರುತ್ತೆ :) ಎರಡೂ ಸೀಲ್ ಮಾಡಿದ ಪೆಟ್ಟಿಗೆ. 1954ರಲ್ಲಿ ಎಡ್ಗರ್ ವಿಲ್ಚರ್ ಅನ್ನೋ ಅಮೆರಿಕದವನು ಇದನ್ನ ಮಾಡಿ ತೋರಿಸಿದ. ಪೆಟ್ಟಿಗೆಯೊಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಿನ ಥರ ಕೋನನ್ನ ಹಿಂದಕ್ಕೆ ದಬ್ಬುತ್ತೆ, ಹಾಗಾಗಿ ಸಣ್ಣ ಪೆಟ್ಟಿಗೆಯಿಂದಲೂ ದಪ್ಪ ದನಿ ಬರುತ್ತೆ. ಕೊಳ್ಳೋವಾಗ ಇದರಿಂದ ಒಂದು ಅನುಕೂಲ ಇದೆ. ಕೋನನ್ನ ಎರಡು ಬೆರಳಲ್ಲಿ ಮೆತ್ತಗೆ ಒತ್ತಿ ಬಿಡಬೇಕು. ನಿಧಾನಕ್ಕೆ ವಾಪಸ್ ಬಂದ್ರೆ ಪೆಟ್ಟಿಗೆ ಗಟ್ಟಿ, ಟಪ್ ಅಂತ ಬಂದ್ರೆ ಎಲ್ಲೋ ಗಾಳಿ ಸೋರ್ತಿದೆ. ಆಮೇಲೆ ಕೋನಿನ ಅಂಚು ನೋಡಬೇಕು. ಫೋಮ್ ಅಂಚಾದ್ರೆ ನಮ್ಮ ಹವೆಗೆ ಹತ್ತಿಪ್ಪತ್ತು ವರ್ಷದಲ್ಲಿ ಪುಡಿಪುಡಿ. ರಬ್ಬರ್ ಆದ್ರೆ ಬಾಳಿಕೆ ಜಾಸ್ತಿ. ಇವು ರಬ್ಬರಿನವು, ಮಲೆನಾಡಿನಷ್ಟೇ ಮಳೆ ಬೀಳೋ ಊರಲ್ಲಿ ನಾಲ್ಕು ದಶಕ ಕಳೆದಿದ್ರೂ ಮೆತ್ತಗಿದ್ವು.

ಮಾರೋ ಹಿರಿಯರು ಹನ್ನೊಂದು ಸಾವಿರ ಅಂದ್ರು. ಅವರ ಆಂಪ್ಲಿಫೈಯರ್ ಕೆಟ್ಟಿತ್ತು, ಹಾಡು ಹಾಕಿ ನೋಡೋ ಹಾಗಿರಲಿಲ್ಲ. ಟಾರ್ಚಿನ ಒಂದೂವರೆ ವೋಲ್ಟ್ ಶೆಲ್ಲು ಒಂದು ಇಸ್ಕೊಂಡು ಹಿಂದಿನ ಟರ್ಮಿನಲ್‌ಗೆ ಒಂದು ಕ್ಷಣ ತಾಗಿಸಿದೆ. ಕೆಂಪಿಗೆ ಪ್ಲಸ್ ಕೊಟ್ರೆ ಕೋನ್ ಮುಂದಕ್ಕೆ ಬರಬೇಕು. ಎರಡೂ ಬಂದ್ವು. ಎಂಟೂವರೆಗೆ ಮಾತು ಮುಗೀತು. ಅವರು ಚೀಟಿಯಲ್ಲಿ ಲೆಕ್ಕ ಬರೆದು, ಗಲ್ಫಿಂದ ತಂದಾಗ ಸುತ್ತಿದ್ದ ಕಂಬಳಿಯನ್ನೂ ಹುಡುಕಿ ಕೊಟ್ರು. ದುಡ್ಡು ಎಣಿಸೋಕೆ ಕೂತವರು ಎಣಿಸದೇ ಜೇಬಿಗಿಟ್ಕೊಂಡು ಒಳಗೆ ಹೋಗಿಬಿಟ್ಟರು.

ನಾಗರಹೊಳೆ ಕಾಡಿನ ದಾರಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಬಂದ್. ಬಾವಲಿ ಚೆಕ್‌ಪೋಸ್ಟ್ ತಲುಪಿದಾಗ ಐದೂ ಕಾಲು. ಚಿಕ್ಕಪ್ಪನ ಮಗನ ಓಮ್ನಿಯ ಹಿಂದೆ ಕೂತು ಹಂಪ್ ಬಂದಾಗೆಲ್ಲ ಎರಡೂ ಪೆಟ್ಟಿಗೆಗಳನ್ನ ತಬ್ಬಿಕೊಂಡು ಬಂದೆ. ದಾರಿಯಲ್ಲಿ ಆನೆ ಇತ್ತಂತೆ, ಅವನು ನೋಡಿದ. ನಾನು ನೋಡಲಿಲ್ಲ.

ಮನೆ ಮುಂದೆ ಇಳಿಸ್ತಿದ್ದ ಹಾಗೆ ಅಪ್ಪ ಮಿಲ್ಲಿಂದ ಬಂದ್ರು. ಮೈತುಂಬ ರಾಗಿ ಹಿಟ್ಟು.

"ಏನ್ಲಾ ಮಗ ಇವು, ಜೇನ್‌ಪೆಟ್ಗೆಯಾ?"

"ಸ್ಪೀಕರ್ ಅಪ್ಪ."

"ಎಷ್ಟ್ ಕೊಟ್ಟೆ?"

ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ. ಒಂದು ಪೆಟ್ಟಿಗೆ ಎತ್ತಿ ನೋಡಿ, "ತೂಕ ಐತೆ ಬುಡು" ಅಂದು ಕೈಕಾಲು ತೊಳೆಯೋಕೆ ಹೋದ್ರು. ನಮ್ಮಪ್ಪನ ಲೆಕ್ಕದಲ್ಲಿ ಇದು ಪೂರ್ತಿ ಒಪ್ಪಿಗೆ.

ಅಪ್ಪ 1989ರಿಂದ ಹಿಟ್ಟಿನ ಮಿಲ್ಲು ನಡೆಸ್ತಿದಾರೆ. ನಾನು ಇಂಜಿನಿಯರಿಂಗ್ ಓದಿದ್ದು ಆ ಹಿಟ್ಟಿನಲ್ಲೇ. ಎಲೆಕ್ಟ್ರಾನಿಕ್ಸ್ ಡಿಗ್ರಿ ತಗೊಂಡು ಜಾವಾ ಬರೆಯೋ ಜಾತಿಯವನು ನಾನು. ಕಾಲೇಜು ಬಿಟ್ಟಮೇಲೆ ಕೆಪಾಸಿಟರ್ ಕೈಯಲ್ಲಿ ಹಿಡಿದಿದ್ದು ಇದೇ ಮೊದಲು.

ಕೂರಿಸೋ ಕೆಲಸ ಕೊಳ್ಳೋದಕ್ಕಿಂತ ಮಜವಾಗಿತ್ತು. ನಮ್ಮದು ಹೆಂಚಿನ ಮನೆ, ಪಡಸಾಲೆಗೆ ರೆಡ್ ಆಕ್ಸೈಡ್ ನೆಲ. ಚಪ್ಪಾಳೆ ತಟ್ಟಿದ್ರೆ ಗೋಡೆಯಿಂದ ಗೋಡೆಗೆ ಟರ್ರ್ ಅಂತ ಓಡುತ್ತೆ. ಮೊದಲು ಗೋಡೆಗೆ ಒರಗಿಸಿ ನೆಲದ ಮೇಲೇ ಇಟ್ಟೆ. ಮೃದಂಗ ನುಡಿಸಿದ್ರೆ ಡ್ರಮ್ಮಿನೊಳಗೆ ಕೂತು ಕೇಳಿದ ಹಾಗೆ ಗುಂಯ್ ಗುಂಯ್. ಗೋಡೆ, ನೆಲ, ಮೂಲೆ ಎಲ್ಲಾ ಸೇರಿ ಕೆಳಗಿನ ದನಿಯನ್ನ ಹಿಗ್ಗಿಸುತ್ತವೆ. ಒಂದೂವರೆ ಅಡಿ ಮುಂದೆ ತಂದೆ, ಕಿವಿಮಟ್ಟಕ್ಕೆ ಎತ್ತರಿಸಬೇಕಿತ್ತು. ಸ್ಟ್ಯಾಂಡ್ ಅಂತ ಅಂಗಡಿಯಲ್ಲಿ ಮಾರ್ತಾರೆ, ಬೆಲೆ ಮಾತ್ರ ಸ್ಪೀಕರಿಗಿಂತ ಜಾಸ್ತಿ! ಅಪ್ಪನೇ "ಸವೆದ ಕಲ್ಲು ಬಿದ್ದವಲ್ಲ ಇತ್ಲಲ್ಲಿ" ಅಂದ್ರು. ಮಿಲ್ಲಿನ ಹಳೇ ಬೀಸೋ ಕಲ್ಲುಗಳು. ಒಂದರ ಮೇಲೊಂದು ಪೇರಿಸಿ, ಮಧ್ಯೆ ತೆಂಗಿನ ನಾರಿನ ಚಾಪೆ ಕತ್ತರಿಸಿ ಹಾಕಿದ್ವಿ. ಅಲ್ಲಾಡಿಸಿದ್ರೂ ಅಲ್ಲಾಡಲ್ಲ. ಹಿಂದಿನ ಎರಡೂ ಮೂಲೆಯಲ್ಲಿ ಅಟ್ಟಿಯಾಗಿ ಪೇರಿಸಿದ ರಾಗಿ ಮೂಟೆ. ಫಾರಿನ್ನಿನವರು ಬಾಸ್ ಟ್ರ್ಯಾಪ್ ಅಂತ ಸಾವಿರಾರು ಕೊಟ್ಟು ಕೊಳ್ಳೋ ವಸ್ತು ನಮ್ಮ ಮನೆಯಲ್ಲಿ ಸುಗ್ಗಿ ಆದಮೇಲೆ ಪುಕ್ಕಟೆ.

ಮೊದಲು ಹಾಕಿದ್ದು ಮೈಸೂರು ಆಕಾಶವಾಣಿ, ಎಫ್‌ಎಂ 100.6. ಅದೇ ನ್ಯಾಯ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಶುರುಮಾಡಿದ್ದು 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರ್‌ನಲ್ಲಿ. ನನ್ನ ಸೆಕೆಂಡ್‌ಹ್ಯಾಂಡ್ ಆಂಪ್ಲಿಫೈಯರಿಗೂ ಅಷ್ಟೇ ವ್ಯಾಟು, ಒಂದು ಕಡೆಗೆ. ಅವರು ಅಷ್ಟರಲ್ಲಿ ಊರಿಗೆ ಕೇಳಿಸಿದ್ರು, ನಾನು ಪಡಸಾಲೆಗೆ.

ಆಮೇಲೆ 'ನಿತ್ಯೋತ್ಸವ' ಹಾಕಿದೆ. 1978ರಲ್ಲಿ ಬಂದ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಅದು, ಅಪ್ಪನಿಗೆ ಪ್ರಾಣ. ಮೈಸೂರು ಅನಂತಸ್ವಾಮಿಯವರ ದನಿ ಎರಡು ಪೆಟ್ಟಿಗೆಗಳ ಮಧ್ಯೆ, ಖಾಲಿ ಗೋಡೆಯಲ್ಲಿ ಬಂದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಬಲಕ್ಕೆ ವಾಲ್ತಿತ್ತು. ಎಡಗಡೆ ಪೆಟ್ಟಿಗೆಗೆ ಕಿವಿ ಇಟ್ಟೆ. ಮೇಲಿನ ಸಣ್ಣ ಸ್ಪೀಕರ್, ಅಂದ್ರೆ ಟ್ವೀಟರ್, ಸತ್ತುಹೋಗಿತ್ತು. (ಶೆಲ್ಲಿನ ಪರೀಕ್ಷೆಯಲ್ಲಿ ಟ್ವೀಟರ್ ಗೊತ್ತಾಗಲ್ಲ, ಅದರ ದಾರಿಯಲ್ಲಿ ಕೆಪಾಸಿಟರ್ ಅಡ್ಡ ಇರುತ್ತೆ.)

"ಅಪ್ಪ, ಇದು ಬಲಗಡೆ... ಇದು ಎಡಗಡೆ. ವ್ಯತ್ಯಾಸ ಗೊತ್ತಾಗ್ತಿದ್ಯಾ?" ಬ್ಯಾಲೆನ್ಸ್ ನಾಬು ತಿರುಗಿಸಿ ತಿರುಗಿಸಿ ಕೇಳಿದೆ.

"ಎರಡೂ ಒಂದೇ ಕಣ್ಲಾ."

ಮತ್ತೆ ತಿರುಗಿಸಿದೆ. ಒಂದು ಕಡೆ ತಾಳ ಪಳಪಳ ಹೊಳೀತಿದೆ, ಇನ್ನೊಂದು ಕಡೆ ಕಂಬಳಿ ಹೊದಿಸಿದ ಹಾಗಿದೆ.

"ಒಂದೇ ಅಂದ್ನಲ್ಲಾ."

ಫೋನಿನಲ್ಲಿ ಟೋನ್ ಬರಿಸೋ ಆಪ್ ಇತ್ತು. ಬಲಗಡೆ ಒಳ್ಳೇ ಸ್ಪೀಕರಿಗೆ ಹಾಕಿ, ಸೌಂಡ್ ಕಮ್ಮಿ ಇಟ್ಟು (ಜೋರಾಗಿ ಹಾಕಿದ್ರೆ ಟ್ವೀಟರ್ ಸುಟ್ಟೇ ಹೋಗುತ್ತೆ, ಹುಷಾರು), ಕೇಳಿಸಿದಾಗ ಬೆರಳೆತ್ತು ಅಂದೆ. 500 ಹರ್ಟ್ಜ್, ಬೆರಳು ಎತ್ತಿದ್ರು. 1000, ಎತ್ತಿದ್ರು. 2000, ಸ್ವಲ್ಪ ಯೋಚನೆ ಮಾಡಿ ಎತ್ತಿದ್ರು. 3000ಕ್ಕೆ ನನ್ನ ಮುಖ ನೋಡಿದ್ರು. 4000ಕ್ಕೆ "ಹಾಕ್ಲಾ, ಯಾಕ್ ನಿಲ್ಸ್ದೆ" ಅಂದ್ರು.

ಅಡುಗೆಮನೆಯಿಂದ ಅವ್ವ ಕೂಗಿದ್ರು: "ಅದೇನಪ್ಪಾ ಅದು ಕೀಂಯ್ ಅನ್ನೋದು, ನಿಲ್ಸ್ ಮೊದ್ಲು!"

ಟೋನ್ ನಿಲ್ಲಿಸಿದೆ. ಅಪ್ಪ ಅಡುಗೆಮನೆ ಕಡೆ ನೋಡಿದ್ರು, ಆಮೇಲೆ ಸ್ಪೀಕರ್ ಕಡೆ. ಎದ್ದು ಹೋಗಿ ಜಗುಲಿಯಲ್ಲಿ ಕೂತ್ರು. ಅವ್ವ ಸೆರಗಲ್ಲಿ ಕೈ ಒರೆಸ್ಕೊಂಡು ಬಂದು ಮೆಲ್ಲಗೆ ಹೇಳಿದ್ದು: "ಸೊಪ್ಪು ತನ್ನಿ ಅಂದ್ರೆ ಉಪ್ಪು ತತ್ತಾರೆ ಕಣಪ್ಪ. ಮೂರ್ ವರ್ಷ ಆಯ್ತು."

'ಸ'ಕಾರ ಇರೋದೇ ಆ ಮೇಲಿನ ಕಂಪನಗಳಲ್ಲಿ, ನಾಲ್ಕು ಸಾವಿರದ ಸುತ್ತ ಮತ್ತು ಅದರಾಚೆ. ಸ್ವರಗಳು ಕೆಳಗಿರುತ್ತವೆ. ಹಾಗಾಗಿ ಮಾತು ಕೇಳಿಸುತ್ತೆ, ಪದ ಬಿಡಿಸಲ್ಲ. ಮಿಲ್ಲಿನಲ್ಲಿ ಮೋಟರು, ಬೆಲ್ಟು, ಕಲ್ಲು ಮೂರೂ ಓಡೋವಾಗ ಫೋನಲ್ಲಿ ಅಳೆದೆ, 94 ಡೆಸಿಬಲ್ ತೋರಿಸ್ತು. ಫೋನಿನ ಅಳತೆ ಅಂದಾಜು ಅಂತಲೇ ಇಟ್ಕೊಳ್ಳಿ. 85 ಡೆಸಿಬಲ್‌ನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಅನ್ನೋದು ಒಂದು ಲೆಕ್ಕ. ಮೂರು ಡೆಸಿಬಲ್ ಏರಿದ್ರೆ ಅವಧಿ ಅರ್ಧ. 94ಕ್ಕೆ ಒಂದು ಗಂಟೆ. ಅಪ್ಪ ಮೂವತ್ತೈದು ವರ್ಷ ನಿಂತಿದಾರೆ.

ಹದಿನೈದು ದಿನ ಕಾಡಿ ಬೇಡಿ ಮೈಸೂರಿಗೆ ಕರ್ಕೊಂಡು ಹೋದೆ. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, 1965ರಿಂದ. ಇಡೀ ದೇಶದಿಂದ ಜನ ಹುಡುಕಿಕೊಂಡು ಬರೋ ಜಾಗ ನಮ್ಮ ಮನೆಯಿಂದ ಒಂದು ಬಸ್ಸಿನ ದೂರ. ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ ನಾನು ಪಡಸಾಲೆಯಲ್ಲಿ ಮಾಡಿದ್ದನ್ನೇ ಸರಿಯಾದ ಯಂತ್ರದಲ್ಲಿ, ಸರಿಯಾದ ಅಳತೆಯಲ್ಲಿ ಮಾಡಿದ್ರು. ಗ್ರಾಫ್ ಕೈಗೆ ಕೊಟ್ರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಸಾವಿರದ ತನಕ ಹೆಚ್ಚುಕಮ್ಮಿ ನೆಟ್ಟಗಿದ್ದ ಗೆರೆ ಎರಡು ಸಾವಿರ ದಾಟಿದ್ದೇ ಇಳಿಜಾರು. ನಾಲ್ಕು ಸಾವಿರದಲ್ಲಿ ಹಳ್ಳ. ಕಿವಿಯೊಳಗೆ ಶಂಖದಂಥ ಭಾಗದಲ್ಲಿ ಕೂದಲಿನಂಥ ಜೀವಕೋಶಗಳಿರುತ್ತವೆ, ಮೇಲಿನ ದನಿ ಹಿಡಿಯೋವು ಬಾಗಿಲ ಹತ್ತಿರವೇ ಇರುತ್ತವೆ, ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ ಅಂತ ವಿವರಿಸಿದ್ರು. ಇರೋದನ್ನ ಉಳಿಸ್ಕೋಬೇಕು, ಉಳಿದಿದ್ದಕ್ಕೆ ಹಿಯರಿಂಗ್ ಏಡ್.

ಬಸ್ಸಲ್ಲಿ ವಾಪಸ್ ಬರೋವಾಗ ಅಪ್ಪ ಗ್ರಾಫನ್ನ ಬಿಚ್ಚಿ ಮಡಚಿ ಮಾಡ್ತಿದ್ರು. ಹಂಪಾಪುರ ದಾಟಿದ ಮೇಲೆ ಕೇಳಿದ್ರು: "ನಿನ್ ಪೆಟ್ಗೇದು ರಿಪೇರಿ ಆಯ್ತದಾ?"

ಆಯ್ತು. ಬಿಚ್ಚಿದ್ರೆ ಟ್ವೀಟರಿನ ಸುರುಳಿ ಚೆನ್ನಾಗೇ ಇತ್ತು, ಮೀಟರಿನಲ್ಲಿ ಆರು ಓಮ್ ತೋರಿಸ್ತು. ಹೋಗಿದ್ದು ಅದರ ಹಿಂದಿನ ಕೆಪಾಸಿಟರ್. ಮೈಮೇಲೆ 4.7 ಮೈಕ್ರೋಫ್ಯಾರಡ್ ಅಂತ ಬರೆದಿದೆ, ಅಳೆದ್ರೆ 0.6. ಒಳಗಿನ ದ್ರವ ಒಣಗಿಹೋಗಿತ್ತು. ಎಂಟು ಓಮ್ ಟ್ವೀಟರಿಗೆ 4.7 ಹಾಕಿದ್ರೆ ಅದು ಕೆಲಸ ಶುರುಮಾಡೋದು ಸುಮಾರು 4,200 ಹರ್ಟ್ಜ್‌ನಿಂದ. ಲೆಕ್ಕ ಹಾಕಿ ಬರೆದ ಕಾಗದದ ಪಕ್ಕದಲ್ಲೇ ಅಪ್ಪನ ಗ್ರಾಫ್ ಇತ್ತು. ಸ್ವಲ್ಪ ಹೊತ್ತು ಸಾಲ್ಡರಿಂಗ್ ಕಬ್ಬಿಣ ಕೆಳಗಿಟ್ಟು ಕೂತಿದ್ದೆ.

ಬೆಂಗಳೂರಿನ ಎಸ್.ಪಿ. ರೋಡಿಂದ ಹೊಸ ಫಿಲ್ಮ್ ಕೆಪಾಸಿಟರ್ ತಂದು ಎರಡೂ ಕಡೆ ಹಾಕಿದೆ. ಒಂದೇ ಕಡೆ ಬದಲಾಯಿಸಬಾರದು, ಜೋಡಿ ಜೋಡಿಯಾಗೇ ಇರಬೇಕು. ಎರಡಕ್ಕೂ ಸೇರಿ ನೂರೈವತ್ತು ರೂಪಾಯಿ. ಅನಂತಸ್ವಾಮಿಯವರು ಗೋಡೆಯ ನಡುವೆ ಬಂದು ನಿಂತ್ರು. ರೋಮಾಂಚನ ಆಯ್ತು, ಸುಳ್ಳು ಹೇಳಲ್ಲ. ಬೀಸೋ ಕಲ್ಲಿನ ಮೇಲಿನ ಪೆಟ್ಟಿಗೆಗಳು ಮಾಯವಾಗಿ ಬರೀ ದನಿ ಉಳಿಯುತ್ತಲ್ಲ, ಆ ಗಳಿಗೆಗೇ ಈ ಹುಚ್ಚೆಲ್ಲ.

ಹಿಯರಿಂಗ್ ಏಡ್ ಬಂದಿದೆ. ಅಪ್ಪ ಹೊರಗೆ ಹಾಕ್ಕೊಳಲ್ಲ, "ಮುದುಕ ಆದ ಅಂತಾರೆ." ವಾರದಲ್ಲಿ ನಾಲ್ಕು ದಿನ ಅದು ದೇವರ ಗೂಡಿನ ಪಕ್ಕ ಡಬ್ಬಿಯಲ್ಲೇ ಇರುತ್ತೆ. ಮಿಲ್ಲಿಗೆ ಕಿವಿ ಮುಚ್ಚೋ ಮಫ್ ತಂದುಕೊಟ್ಟೆ, ಅದನ್ನ ಮಾತ್ರ ಒಂದು ದಿನವೂ ಬಿಟ್ಟಿಲ್ಲ. ದೊಡ್ಡ ಹೆಡ್‌ಫೋನ್ ಥರ ಇದೆಯಲ್ಲ, "ಗೌಡ್ರು ಹಾಡು ಕೇಳ್ತಾವ್ರೆ" ಅಂತ ಹಿಟ್ಟು ಮಾಡ್ಸೋಕೆ ಬಂದವರು ಅಂದ್ರೆ ಅಪ್ಪ ಹೌದು ಅಂತಾರೆ. ಭಾನುವಾರ ಸಂಜೆ ಏಡ್ ಹಾಕ್ಕೊಂಡು ಪಡಸಾಲೆಯಲ್ಲಿ ಕೂತ್ಕೋತಾರೆ. ಮೊದಲ ಸಲ ತಾಳ ಕೇಳಿ, "ಇದು ಮೊದ್ಲೂ ಇತ್ತಾ?" ಅಂದಿದ್ರು. ಈಗ ಸೌಂಡ್ ಜಾಸ್ತಿ ಆಯ್ತು, ಕಮ್ಮಿ ಮಾಡು ಅಂತ ಬೈತಾರೆ.

ಹೋದ ವಾರ ರಾಗಿ ಮಾರಿದ್ವಿ. ಮೂಲೆಗಳು ಖಾಲಿ, ಮೃದಂಗ ಮತ್ತೆ ಗುಂಯ್ ಅಂತಿದೆ. ಈ ಶನಿವಾರ ಊರಿಗೆ ಹೋದಾಗ ಕಲ್ಲುಗಳನ್ನ ಇನ್ನೊಂದು ಅಡಿ ಮುಂದಕ್ಕೆ ಜರುಗಿಸಬೇಕು. ಒಂದೊಂದು ಕಲ್ಲೂ ಇಬ್ಬರು ಹಿಡೀಬೇಕು. ಅಂದ ಹಾಗೆ, ಸ್ಪೀಕರ್ ಮುಂದೆ ಹಾಕೋ ತೆಳು ಜಾಲರಿ ಬಟ್ಟೆ ಮೈಸೂರಲ್ಲಿ ಎಲ್ಲಾದ್ರೂ ಮೀಟರ್ ಲೆಕ್ಕದಲ್ಲಿ ಸಿಗುತ್ತಾ, ಗೊತ್ತಿದ್ದವರು ಹೇಳಿ. ಹಳೇದನ್ನ ಇಲಿ ಕಡಿದಿದೆ.