ಹೊಸ್ತಿಲು ದಾಟಲಾಗದವರು

ತೊಂಬತ್ತು ಮೀರಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರ ಕಾಯಿಲೆಗಳ ಪಟ್ಟಿ ನಿಮಗೆ ಬಾಯಿಪಾಠವಾಗಿರುತ್ತದೆ: ರಕ್ತದೊತ್ತಡ, ಸಕ್ಕರೆ, ಮಂಡಿನೋವು, ಕಣ್ಣಿನ ಪೊರೆ. ಆದರೆ ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರಗಳ ಹತೋಟಿ, ಊಟ – ಈ ಆರರಲ್ಲಿ ಎಷ್ಟನ್ನು ಅವರು ಪರರ ನೆರವಿಲ್ಲದೆ ಮಾಡಬಲ್ಲರು? ಅಮೆರಿಕದ ವೈದ್ಯ ಸಿಡ್ನಿ ಕಾಟ್ಸ್ ಮತ್ತು ಅವರ ಸಂಗಡಿಗರು 1963ರಲ್ಲಿ ಪ್ರಕಟಿಸಿದ ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಸ್ನಾನ. ಬಹುಕಾಲ ಉಳಿಯುವುದು ತುತ್ತನ್ನು ಬಾಯಿಗಿಡುವ ಶಕ್ತಿ. ಕಾಯಿಲೆಯ ಹೆಸರಿಗಿಂತ ಈ ಲೆಕ್ಕವೇ ಮನೆಮಂದಿಗೆ ಹೆಚ್ಚು ಉಪಯುಕ್ತವೆಂದು ನನ್ನ ಭಾವನೆ.

ನನ್ನ ಅತ್ತೆಯವರಿಗೆ ಈಗ ತೊಂಬತ್ತೆರಡು. ಓಣಿಯ ಮಕ್ಕಳೆಲ್ಲರ ಹುಟ್ಟಿದ ವರ್ಷವನ್ನು ತಪ್ಪಿಲ್ಲದೆ ಹೇಳಬಲ್ಲರು. ಮನೆಯ ಮುಂದಿನ ಮೂರು ಮೆಟ್ಟಿಲುಗಳನ್ನು ಮಾತ್ರ ಇಳಿಯಲಾರರು. ಸೌಲಭ್ಯಗಳೆಲ್ಲ ಇರುವುದು ಆ ಮೂರು ಮೆಟ್ಟಿಲುಗಳಾಚೆ. ಎಪ್ಪತ್ತು ತುಂಬಿದವರಿಗೆಲ್ಲ, ಆದಾಯವೆಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನೀಡುವ ಆಯುಷ್ಮಾನ್ ಕಾರ್ಡ್ 2024ರಲ್ಲಿ ಬಂದಿತು. ಒಳ್ಳೆಯದೇ. ಆದರೆ ಅದು ಆಸ್ಪತ್ರೆಗೆ ದಾಖಲಾದವರಿಗೆ. ದಿನವೂ ತೋಳು ಹಿಡಿದು ಬಚ್ಚಲಿಗೆ ಕರೆದೊಯ್ಯುವವರ ಕೂಲಿ ಅದರಲ್ಲಿ ಸೇರದು.

2023ರ ವಿಧಾನಸಭಾ ಚುನಾವಣೆಯಲ್ಲಿ ಎಂಬತ್ತು ಮೀರಿದವರು ಮನೆಯಿಂದಲೇ ಮತ ಹಾಕಬಹುದೆಂದಾಯಿತು. (ಮರುವರ್ಷ ಆ ವಯಸ್ಸನ್ನು 85ಕ್ಕೆ ಏರಿಸಿದರು.) ಅಂದು ಅತ್ತೆ ಬೆಳಿಗ್ಗೆಯೇ ಮಡಿಚಿಟ್ಟ ಸೀರೆಯುಟ್ಟು ಕಾದಿದ್ದರು. ಅಧಿಕಾರಿಗಳು ಮೆಟ್ಟಿಲೇರಿ ಬಂದರು, ಮರೆ ಕಟ್ಟಿದರು, ಮತ ಪಡೆದು ಹೋದರು. ಮತಕ್ಕಾಗಿ ಮನೆಗೆ ಬರಬಲ್ಲ ಸರ್ಕಾರ ರಕ್ತದೊತ್ತಡ ನೋಡಲು ಬರಲಾರದೇ ಎಂಬ ಪ್ರಶ್ನೆ ನನಗೆ ಹೊಳೆದುದು ಆಗ.

ಬರಬೇಕೆಂಬ ಏರ್ಪಾಡು ಕಾಗದದಲ್ಲಿ ಹಿಂದಿನಿಂದಲೂ ಇದೆ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ, ಹಾಸಿಗೆ ಹಿಡಿದವರ ಮತ್ತು ಮನೆಬಿಟ್ಟು ಹೊರಡಲಾಗದವರ ಬಳಿಗೆ ಆರೋಗ್ಯ ಕಾರ್ಯಕರ್ತರು ಹೋಗಬೇಕೆಂದಿದೆ. ಕೇಳದಿದ್ದರೆ ಯಾರೂ ಬರುವುದಿಲ್ಲ, ಅಷ್ಟೇ. ನೀವು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿರಿಯರ ಹೆಸರು ಬರೆಸಿ. ದಾರಿ ತೋಚದಿದ್ದರೆ 14567 ಎಂಬ ಹಿರಿಯರ ಸಹಾಯವಾಣಿಗೆ ಕರೆಮಾಡಿ, ಹಣ ಬೇಕಿಲ್ಲ. ಹೋದಾಗ ಕಾಯಿಲೆಯ ಚೀಟಿಯೊಡನೆ ಆ ಆರರ ಲೆಕ್ಕವನ್ನೂ ಒಯ್ಯಿರಿ.

ನಾವು ಎರಡು ಬಾರಿ ಕೇಳಬೇಕಾಯಿತು. ಮೂರನೆಯ ವಾರ ಬಂದ ಕಾರ್ಯಕರ್ತೆ ಅತ್ತೆಯ ತೋಳಿಗೆ ಪಟ್ಟಿ ಸುತ್ತಿ, ಬಚ್ಚಲನ್ನೂ ನೋಡಿ, ಗೋಡೆಗೊಂದು ಹಿಡಿಕೆ ಹಾಕಿಸಿರೆಂದರು. ಅತ್ತೆ ಕೇಳಿದ್ದು ಒಂದೇ: "ಬಿಸಿಲಲ್ಲಿ ಬಂದಿದ್ದೀಯ, ಕಾಫಿ ಕುಡಿದೆಯೇನಮ್ಮಾ?"